ಜೇಬು ಹರಿಯದ ರಿವಾಲ್ವರ್

ನಮ್ಮ ಕೆಂಟಕಿ ರಾಜ್ಯದ ಈ ಮೂಲೆಯಲ್ಲಿ ದೇವರ ವಿಷಯಕ್ಕೆ ಜಗಳವಿಲ್ಲ. ಊರಿಗೆ ಊರೇ ಒಂದೇ ಚರ್ಚಿಗೆ ಹೋಗುತ್ತದೆ. ರಾಜಕೀಯದ ಜಗಳ ಚುನಾವಣೆಯ ಮರುದಿನ ಆರಿಹೋಗುತ್ತದೆ. ವರ್ಷವಿಡೀ ಆರದೆ ಉರಿಯುವ ಜಗಳ ಒಂದೇ ಒಂದು: ಜೇಬಿನಲ್ಲಿ ಅಡಗಿಸಿಟ್ಟುಕೊಳ್ಳುವ ಪುಟ್ಟ ರಿವಾಲ್ವರಿನ ಹ್ಯಾಮರ್ ಹೊರಗೆ ಕಾಣುವಂತಿರಬೇಕೋ, ಒಳಗೆ ಮುಚ್ಚಿಕೊಂಡಿರಬೇಕೋ ಎನ್ನುವುದು. ಹ್ಯಾಮರ್ ಎಂದರೆ ರಿವಾಲ್ವರಿನ ಬೆನ್ನ ಮೇಲೆ ಕೋಳಿಯ ಕೊಕ್ಕಿನ ಹಾಗೆ ಎದ್ದು ನಿಂತ ಕಬ್ಬಿಣದ ಚೂರು. ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿದು ಗುಂಡು ಹಾರಿಸುವುದು ಅದೇ. ಬೆರಳತುದಿಯಷ್ಟಿರುವ ಈ ಕಬ್ಬಿಣಕ್ಕಾಗಿ ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನಿಶ್ಚಯವಾಗಿದ್ದ ಒಂದು ಮದುವೆ ಮುರಿದುಬಿದ್ದಿದೆ. ಹಾಗಾದರೆ ಆ ರಿವಾಲ್ವರನ್ನು ಯಾರಾದರೂ ಯಾರ ಮೇಲಾದರೂ ಹಾರಿಸಿದ್ದಾರೆಯೇ ಎಂದು ಮಾತ್ರ ಕೇಳಬೇಡಿ. ಅದು ಜೇಬಿನಲ್ಲಿರುತ್ತದೆ, ಜೇಬಿನಲ್ಲೇ ಮುದಿಯಾಗುತ್ತದೆ.

ಈ ವಾದವಿವಾದದ ಪೀಠ ಲೋವೆಲ್ ಸ್ಟಾಂಪರನ ಬಂದೂಕಿನ ಅಂಗಡಿ. ಗಾಜಿನ ಕಪಾಟಿನ ಮುಂದೆ ಎತ್ತರದ ಸ್ಟೂಲುಗಳಿವೆ. ಕಿಟಕಿಯ ಪಕ್ಕದ್ದು ನನ್ನದು. ನಿವೃತ್ತನಾದ ಮೇಲೆ ಅರ್ವಿನ್ ಕೋಂಬ್ಸ್ ಎಂಬ ನಾನು ಬೆಳಗಿನ ಕಾಫಿಯನ್ನು ಮನೆಯಲ್ಲಿ ಕುಡಿದದ್ದೇ ಇಲ್ಲ. ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಅಂಗಡಿಯಲ್ಲಿ ಕೇಳದಿದ್ದರೂ ಹೇಳಬಹುದು.

ಫೆಬ್ರವರಿಯ ಒಂದು ಬೆಳಿಗ್ಗೆ ಈ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದವನು ಡೆಲ್ಮರ್ ಪ್ರೂಯಿಟ್. ನನ್ನ ಎದುರುಮನೆಯವನು. ಜೀವಮಾನವಿಡೀ ಬಟ್ಟೆ ಒಗೆಯುವ ಯಂತ್ರಗಳನ್ನು ರಿಪೇರಿ ಮಾಡಿದವನು. ನಮ್ಮೂರಿನ ಅರ್ಧ ಯಂತ್ರಗಳು ಅವನ ಕೈಯಿಂದ ರಿಪೇರಿಯಾಗಿ ನಡೆಯುತ್ತಿವೆ, ಉಳಿದರ್ಧ ಅವನ ಕೈಗೆ ಸಿಗದೆ ಚೆನ್ನಾಗಿ ನಡೆಯುತ್ತಿವೆ ಎಂದು ಹೇಳುವುದುಂಟು. ಬಾಗಿಲ ಮೇಲೆ 'ತಳ್ಳಿ' ಎಂದು ಬರೆದಿದ್ದರೆ ಎಳೆಯುವ ಮನುಷ್ಯ. ಹೋದ ಅಕ್ಟೋಬರಿನಲ್ಲಿ ಅವನ ಹೆಂಡತಿ ಒಪಲ್ ತೀರಿಕೊಂಡಳು. ಅಲ್ಲಿಯವರೆಗೆ ಅವನನ್ನು ಸರಿಯಾದ ಬಾಗಿಲಿಗೆ ಹಚ್ಚುತ್ತಿದ್ದವಳು ಅವಳೇ.

ಅವನು ಅಂಗಡಿಗೆ ಯಾಕೆ ಬಂದ ಎನ್ನುವುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೆ ನಿಮ್ಮನ್ನು ಕಾಯಿಸುವುದಿಲ್ಲ. ಡೆಲ್ಮರನ ಹತ್ತಿರ ಮಾವ ಕೊಟ್ಟ ಹಳೆಯ ರಿವಾಲ್ವರ್ ಇತ್ತು, ಕೊಕ್ಕು ಹೊರಗೆ ಚಾಚಿದ್ದು. ಅದನ್ನು ಕಂದು ಕೋಟಿನ ಬಲಜೇಬಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದ. ಒಪಲ್ ಹೋದ ಮೇಲೆ ಸಂತಾಪದ ಕಾರ್ಡುಗಳು ಬರುತ್ತಿದ್ದುದರಿಂದ ದಿನಾ ಅಂಚೆ ಕಚೇರಿಗೆ ಹೋಗಬೇಕು. ಅಂಚೆ ಕಚೇರಿಯೊಳಗೆ ರಿವಾಲ್ವರ್ ಒಯ್ಯುವಂತಿಲ್ಲ. ಹಾಗಾಗಿ ದಿನಾ ರಸ್ತೆಯಾಚೆ ಗಾಡಿ ನಿಲ್ಲಿಸಿ, ಜೇಬಿನಿಂದ ಅದನ್ನು ತೆಗೆದು ಗಾಡಿಯ ಡಬ್ಬಿಯಲ್ಲಿಟ್ಟು ಇಳಿಯಬೇಕು. ತೆಗೆಯುವಾಗಲೆಲ್ಲ ಆ ಕೊಕ್ಕು ಜೇಬಿನ ಒಳಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು.

ಆ ಒಳಬಟ್ಟೆ ಹಿಂದಿನ ಚಳಿಗಾಲದಲ್ಲೇ ಒಮ್ಮೆ ಹರಿದಿತ್ತು. ಆಗ ಒಪಲ್‌ಗೆ ಕಾಯಿಲೆ ಹತ್ತಿಯಾಗಿತ್ತು. ಕಿಟಕಿಯ ಪಕ್ಕ ಕಂಬಳಿ ಹೊದ್ದು ಕುಳಿತು, ಬೇಟೆಯ ಜಾಕೆಟ್ಟಿನಿಂದ ಉಳಿದಿದ್ದ ಕಿತ್ತಳೆ ಬಣ್ಣದ ದಾರದಲ್ಲಿ ಅದನ್ನು ಹೊಲಿದುಕೊಟ್ಟಿದ್ದಳು. ಒಪಲ್‌ಗೆ ಹೊಲಿಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಸಾಲದು. ಸೂಜಿಗೂ ಅವಳಿಗೂ ಜನ್ಮದ ಹಗೆ. ಆ ಹೊಲಿಗೆ ಕುಡಿದವನು ಮನೆಗೆ ಬಂದ ದಾರಿಯ ಹಾಗಿತ್ತು. ಆದರೆ ಅವಳು ಕೊನೆಯದಾಗಿ ಮಾಡಿ ಮುಗಿಸಿದ ಕೆಲಸ ಅದು. ಡೆಲ್ಮರ್ ನಡೆಯುವಾಗ ಜೇಬಿಗೆ ಕೈ ಹಾಕಿ ಬೆರಳಿನಿಂದ ಆ ಗಂಟುಗಳನ್ನು ಮುಟ್ಟಿಕೊಳ್ಳುತ್ತಿದ್ದ. ಈಗ ಆ ಕೊಕ್ಕು ದಿನಾ ಒಂದೊಂದು ಎಳೆಯನ್ನು ಕಿತ್ತು ತರುತ್ತಿತ್ತು.

ಕೋಟನ್ನು ತೆಗೆದಿಡಬಹುದಿತ್ತಲ್ಲ ಎನ್ನುತ್ತೀರಿ. ತೊಡಲಿ ಎಂದು ಹೊಲಿದದ್ದನ್ನು ತೊಡದೆ ಇಟ್ಟರೆ ಅವಳಿಗೆ ಬೇಜಾರಾಗುತ್ತದೆ ಎಂದು ಅವನ ಲೆಕ್ಕ. ರಿವಾಲ್ವರನ್ನು ಮನೆಯಲ್ಲೇ ಬಿಡಬಹುದಿತ್ತಲ್ಲ ಎಂದರೆ, ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಆ ಮಾತು ಪ್ಯಾಂಟನ್ನು ಮನೆಯಲ್ಲಿ ಬಿಟ್ಟು ಬಾ ಎಂದ ಹಾಗೆ. ಆದ್ದರಿಂದ ಅವನು ಬಹಳ ಯೋಚಿಸಿ, ಕೊಕ್ಕು ಇಲ್ಲದ ರಿವಾಲ್ವರ್ ಕೊಳ್ಳಲು ಬಂದಿದ್ದ. ಆದರೆ ಹೆಂಡತಿಯ ಹೊಲಿಗೆ ಉಳಿಸಿಕೊಳ್ಳಲು ಬಂದೆ ಎಂದು ಸ್ಟೂಲುಗಳ ಮೇಲೆ ಕುಳಿತ ಗಂಡಸರ ಮುಂದೆ ಹೇಳುವುದು ಹೇಗೆ? ಹಾಗಾಗಿ ದೊಡ್ಡ ತಜ್ಞನ ಗತ್ತಿನಲ್ಲಿ ಕೆಮ್ಮಿದ.

"ಲೋವೆಲ್, ಈ ಹ್ಯಾಮರ್ ವಿಷಯ ಸ್ವಲ್ಪ ಆಳವಾಗಿ ವಿಚಾರ ಮಾಡ್ತಿದೀನಿ ಕಣಯ್ಯಾ."

ಸ್ಟೂಲುಗಳೆಲ್ಲ ಒಟ್ಟಿಗೆ ತಿರುಗಿದವು. ಲೋವೆಲ್‌ಗೆ ಮಗುವಿಗೆ ಹಲ್ಲು ಬಂದಷ್ಟು ಸಂತೋಷವಾಯಿತು.

"ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನಯ್ಯಾ ನಿಂಗೆ! ಬಾ ಇಲ್ಲಿ. ನಿನ್ನದು ಕೊಕ್ಕಿಂದು. ಹೆಬ್ಬೆರಳಲ್ಲಿ ಹಿಂದಕ್ಕೆಳೆದು ನಿಲ್ಸಿದ್ರೆ ಟ್ರಿಗರ್ ಬೆಣ್ಣೆ. ಆದ್ರೆ ಜೇಬಿಂದ ಬರೋವಾಗ ಬಟ್ಟೆನೂ ಕಚ್ಕೊಂಡು ಬರತ್ತೆ. ಇದು ನೋಡು, ಗೂನುಬೆನ್ನಿಂದು. ಎರಡು ಕಡೆ ಗೋಡೆ, ಮೇಲೆ ಸೀಳು. ಕೊಕ್ಕಿನ ತುದಿ ಮಾತ್ರ ಬೆರಳಿಗೆ ಸಿಗತ್ತೆ. ಆದ್ರೆ ಆ ಸೀಳೊಳಗೆ ಜೇಬಿನ ದಾರ, ಧೂಳು ಎಲ್ಲಾ ಹೋಗಿ ಸಂಸಾರ ಹೂಡ್ತಾವೆ."

"ದಾರ ಹೋಗತ್ತಾ?" ಡೆಲ್ಮರನ ಮುಖ ಬಿಳಿಚಿತು. "ಅದು ಬೇಡ. ಅದು ಬೇಡವೇ ಬೇಡ."

"ಹಾಗಾದ್ರೆ ಇದು. ಹ್ಯಾಮರ್ ಪೂರಾ ಹೊಟ್ಟೆ ಒಳಗೆ. ಸೋಪಿನ ಥರ ಜಾರಿ ಬರತ್ತೆ. ಆದ್ರೆ ಪ್ರತಿ ಸಲ ಟ್ರಿಗರ್ ಉದ್ದಕ್ಕೆ, ಭಾರವಾಗಿ ಎಳೀಬೇಕು. ನಿನ್ನ ಬೆರಳಿನ ಗಂಟುನೋವಿಗೆ ಆಗತ್ತೇನು?"

"ಟ್ರಿಗರ್ ಹೇಗಿದ್ರೂ ನಡೆಯತ್ತೆ. ಅದನ್ನ ಮತ್ತೆ ಮತ್ತೆ ಎಳೆಯೋ ಕೆಲಸ ಏನೂ ಇಲ್ಲ."

ಲೋವೆಲ್ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ. "ನಿನ್ನ ಹಳೇದಕ್ಕೇ ಕೊಕ್ಕು ಉಜ್ಜಿ ಕೊಡ್ಲಾ?"

"ಮಾವ ಕೊಟ್ಟಿದ್ದು. ಅದರ ಮೂಗು ಕೊಯ್ಸೋಕೆ ಮನಸ್ಸಿಲ್ಲ."

"ಮನೆ ಹತ್ರ ಕಳ್ಳರ ಕಾಟ ಏನಾದ್ರೂ...?"

"ನನ್ನ ಮನೇಲಿ ಕದಿಯೋಕೆ ಏನಿದೆಯೋ? ಇದ್ದದ್ದು ಅಕ್ಟೋಬರಲ್ಲೇ ಹೋಯ್ತಲ್ಲ."

ಲೋವೆಲ್ ಮೆತ್ತಗೆ ಕೇಳಿದ, "ಮತ್ತೆ ಈಗ ಯಾಕಯ್ಯಾ ಅವಸರ?"

"ತಡ ಮಾಡಿದಷ್ಟೂ ಕಷ್ಟ. ದಿನಾ ನೋಡ್ತೀನಿ, ದಿನಾ ಸ್ವಲ್ಪ ಸ್ವಲ್ಪ ಹೋಗ್ತಾ ಇದೆ. ಪೂರ್ತಿ ಹೋಗೋಕ್ಮುಂಚೆ..." ಡೆಲ್ಮರ್ ಮಾತು ನುಂಗಿಕೊಂಡ. "ಒಪಲ್‌ಗೋಸ್ಕರ ಇದೊಂದು ಮಾಡ್ಲೇಬೇಕು ಅಂತ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬಾರದು ಎನ್ನುವುದು ಇದಕ್ಕೇ. ಲೋವೆಲ್ ಹಿಂದೊಮ್ಮೆ, ಹೊಸದಾಗಿ ಹೆಂಡತಿಯನ್ನು ಕಳೆದುಕೊಂಡ ಒಬ್ಬರಿಗೆ, ಪಾಪ ಎಂದು ರಿಯಾಯಿತಿ ಕೊಟ್ಟು ಒಂದು ರಿವಾಲ್ವರ್ ಮಾರಿದ್ದ. ವಾರದೊಳಗೆ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬನಾಗಬೇಕಾಯಿತು. ಅಂದಿನಿಂದ ಅವನ ಅಂಗಡಿಯಲ್ಲಿ ದುಃಖದಲ್ಲಿರುವವರಿಗೆ ಕಾಫಿ ಸಿಗುತ್ತದೆ, ಕುರ್ಚಿ ಸಿಗುತ್ತದೆ, ಬಂದೂಕು ಮಾತ್ರ ಸಿಗುವುದಿಲ್ಲ.

"ಸ್ಟಾಕ್ ಇಲ್ಲ," ಎಂದ ಲೋವೆಲ್.

"ಇದು ಇದೆಯಲ್ಲೋ."

"ಅದು ಮಾರಿ ಹೋಗಿದೆ."

"ಪಕ್ಕದ್ದು?"

"ಅದೂನೂ."

"ಈ ಸಾಲು ಪೂರ್ತಿನಾ?"

"ಒಬ್ಬನೇ ತಗೊಂಡ. ದೊಡ್ಡ ಸಂಸಾರ."

ಡೆಲ್ಮರ್ ಕಪಾಟಿನೊಳಗಿನ ಸಾಲನ್ನು ಆಸೆಯಿಂದ ನೋಡಿ, ಎಳೆಯಬೇಕಾದ ಬಾಗಿಲನ್ನು ತಳ್ಳಿ, ಆಮೇಲೆ ಎಳೆದು ಹೊರಗೆ ಹೋದ. ಅಂಗಡಿಯಲ್ಲಿ ಉಳಿದ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಎಲ್ಲರ ತಲೆಯಲ್ಲೂ ಇದ್ದದ್ದು ಒಂದೇ, ಬಾಯಲ್ಲಿ ಯಾರೂ ಹೇಳಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎದುರುಮನೆಯವನು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅಟ್ಟಿದರು. ಅವನ ಹಳೆಯ ರಿವಾಲ್ವರನ್ನು ಹೇಗಾದರೂ ನನ್ನ ಮನೆಗೆ ತಂದಿಡಬೇಕು, ಅವನಿಗೆ ನೋವಾಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮಧ್ಯಾಹ್ನ ಹೋಗಿ ಅವನ ಅಡುಗೆಮನೆಯಲ್ಲಿ ಕುಳಿತೆ. ದಾರಿಯುದ್ದಕ್ಕೂ ಕಟ್ಟಿದ್ದ ಪೀಠಿಕೆ ಮರೆತುಹೋಗಿತ್ತು.

"ಡೆಲ್ಮರ್, ನಿನ್ನ ರಿವಾಲ್ವರ್ ಸ್ವಲ್ಪ ದಿನ ಕೊಡೋ. ನರಿ ಬರ್ತಾ ಇದೆ. ಕೋಳಿ ಹಿಡಿಯತ್ತೆ."

"ನಿನ್ನ ಹತ್ರ ಕೋಳಿ ಎಲ್ಲಿದಾವೋ?"

"ತರೋಣ ಅಂತಿದೀನಿ."

"ಕೋಳಿ ಬರೋಕ್ಮುಂಚೆನೇ ನರಿ ಬಂತಾ?"

"ಸುದ್ದಿ ಹೇಗೋ ಗೊತ್ತಾಗಿದೆ ಅದಕ್ಕೆ."

ಇಷ್ಟು ಹೇಳಿದ ಮೇಲೂ ಅವನು ಕೊಟ್ಟ. ಡೆಲ್ಮರ್ ಅಂಥವನೇ, ಕೇಳಿದರೆ ಇಲ್ಲ ಎನ್ನಲಾರ. ಕೊಡುವಾಗ ಕೊಕ್ಕು ಮತ್ತೆ ಸಿಕ್ಕಿಕೊಂಡಿತು. ಅವನು ಅಲ್ಲೇ ನಿಂತು, ಜೇಬಿನೊಳಗೆ ಎರಡು ಬೆರಳು ಹಾಕಿ, ಮುಳ್ಳು ಬಿಡಿಸುವಂತೆ ಬಹಳ ಹೊತ್ತು ಬಿಡಿಸಿ ತೆಗೆದ. ರಿವಾಲ್ವರನ್ನು ಕೈಬಿಡಲು ಮನಸ್ಸಿಲ್ಲದವನ ಹಾಗೆ ಕಂಡ. ಅದನ್ನು ನೋಡಿ ನನಗೆ ನಮ್ಮ ಅನುಮಾನವೇ ನಿಜವೆನಿಸಿತು.

ಮನೆಗೆ ಬಂದು ಹೆಂಡತಿ ಲೂಯೆಲಾಗೆ ಗುಟ್ಟಾಗಿ ಹೇಳಿದೆ. ಅವಳು ಗುಟ್ಟಾಗಿ ಫೋನು ಎತ್ತಿಕೊಂಡಳು. ಸಂಜೆಯ ಹೊತ್ತಿಗೆ ಚರ್ಚಿನ ಹೆಂಗಸರೆಲ್ಲ ಒಲೆ ಹಚ್ಚಿದ್ದರು. ನಮ್ಮಲ್ಲಿ ಯಾರಿಗಾದರೂ ಸಾವಿನ ನೆರಳು ಸೋಕಿದೆ ಎಂದರೆ ಆಲೂಗಡ್ಡೆ, ಚೀಸು, ಕೋಳಿಮಾಂಸ ಎಲ್ಲ ಸೇರಿಸಿ ಗಾಜಿನ ಬೋಗುಣಿಯಲ್ಲಿ ಬೇಯಿಸಿ ಒಯ್ದುಕೊಡುತ್ತಾರೆ. ಆಡಲಾಗದ ಮಾತುಗಳನ್ನೆಲ್ಲ ಆ ಬೋಗುಣಿಯಲ್ಲಿ ಹಾಕಿ ಮೇಲೆ ಚೀಸು ಮುಚ್ಚುತ್ತಾರೆ ಎಂದರೂ ಸರಿ.

ಈಗ ಡೆಲ್ಮರನ ಕಡೆಯಿಂದ ನೋಡಿ. ಅಕ್ಟೋಬರಿನಲ್ಲಿ ಬಂದು ನಿಂತುಹೋಗಿದ್ದ ಬೋಗುಣಿಗಳು ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಮತ್ತೆ ಬರತೊಡಗಿದವು. ಬಂದವರೆಲ್ಲ ಅವನ ಮುಖವನ್ನು ಹತ್ತಿರದಿಂದ ನೋಡುತ್ತಾರೆ, ಕೈ ಹಿಸುಕುತ್ತಾರೆ, "ಒಬ್ಬನೇ ಇರ್ತೀಯಲ್ಲಪ್ಪಾ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅವನು ತನ್ನ ಬುದ್ಧಿಗೆ ಎಟುಕಿದಷ್ಟು ಯೋಚಿಸಿದ. ತನ್ನನ್ನು ವೃದ್ಧಾಶ್ರಮಕ್ಕೆ ಸೇರಿಸಲು ಊರವರು ಸಂಚು ನಡೆಸಿದ್ದಾರೆ ಎಂದು ತೀರ್ಮಾನಿಸಿದ. ಒಬ್ಬನೇ ಬದುಕಬಲ್ಲೆ ಎಂದು ತೋರಿಸಿಕೊಡಬೇಕು ಎಂದು ಹಟ ಹಿಡಿದು ಮನೆಯನ್ನು ಗುಡಿಸಿದ, ತೊಳೆದ, ಮಾಳಿಗೆಯಲ್ಲಿದ್ದ ಸಾಮಾನನ್ನೆಲ್ಲ ಕಟ್ಟಿ ಹೆಸರು ಬರೆದಿಟ್ಟ.

ಅಷ್ಟೇ ಆಗಿದ್ದರೆ ಸುಧಾರಿಸಬಹುದಿತ್ತು. ನಮ್ಮಲ್ಲಿ ಯಾರದೇ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಹಾಗೆ ಕೊಟ್ಟರೆ ಮನೆತನಕ್ಕೆ ಅವಮಾನ. ಒಪಲ್ ಇದ್ದಾಗ ಪಾತ್ರೆಯ ಜೊತೆ ಬಿಸ್ಕತ್ತೋ ಕೇಕೋ ಹೋಗುತ್ತಿತ್ತು. ಡೆಲ್ಮರನಿಗೆ ನೀರು ಕಾಯಿಸಲು ಬಂದರೆ ಹೆಚ್ಚು. ಅವನು ಮೊದಲ ಬೋಗುಣಿಯಲ್ಲಿ ಒಪಲ್ ಹಾಕಿಟ್ಟಿದ್ದ ಬೀಟ್‌ರೂಟ್ ಉಪ್ಪಿನಕಾಯಿಯ ಸೀಸೆ ಇಟ್ಟು ಕೊಟ್ಟ. ಸೀಸೆಗಳು ಮುಗಿದ ಮೇಲೆ ಒಬ್ಬರಿಗೆ ಕೈಗಡಿಯಾರ ಕೊಟ್ಟ. ಇನ್ನೊಬ್ಬರಿಗೆ ಮೀನು ಹಿಡಿಯುವ ಕೋಲನ್ನು ಬೋಗುಣಿಗೆ ಅಡ್ಡಲಾಗಿ ಕಟ್ಟಿಕೊಟ್ಟ. ನಮ್ಮ ಮನೆಯ ಬೋಗುಣಿಯಲ್ಲಿ ಅವನ ಇಡೀ ಸ್ಪ್ಯಾನರುಗಳ ಗಂಟು ಬಂತು.

ಲೂಯೆಲಾ ಬೋಗುಣಿ ಹಿಡಿದುಕೊಂಡು ಅಳುತ್ತಾ ಬಂದಳು. "ಅರ್ವಿನ್, ಎಲ್ಲಾ ಹಂಚ್ತಾ ಇದಾನೆ ಕಣ್ರೀ! ಮನೆ ಗುಡಿಸಿ, ಗಂಟು ಕಟ್ಟಿ, ಎಲ್ಲಾ ಹಂಚ್ತಾ ಇದಾನೆ! ಹೋಗೋರು ಮಾಡೋ ಕೆಲಸ ಇದು!"

ನಾನು ಸ್ಪ್ಯಾನರುಗಳನ್ನು ಎಣಿಸಿ ನೋಡಿದೆ, ಒಂದನ್ನೂ ಅವನು ಉಳಿಸಿಕೊಂಡಿರಲಿಲ್ಲ. ಅವಳು ಹೆಚ್ಚು ಬೋಗುಣಿ ಕಳಿಸಿದಳು. ಅವನು ಹೆಚ್ಚು ಸಾಮಾನು ಕಳಿಸಿದ.

ಪಾದ್ರಿ ಬ್ರದರ್ ಎಲ್ವುಡ್ ಬಂದರು. ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಸಾವು, ನಿರಾಶೆ, ಬೈಬಲಿನ ಯೋಬನ ಕಷ್ಟ, ಎಲ್ಲವನ್ನೂ ಸಿದ್ಧಮಾಡಿಕೊಂಡು ಹೋಗಿ ಸೋಫಾದ ತುದಿಯಲ್ಲಿ ಕುಳಿತರು.

"ಬ್ರದರ್ ಡೆಲ್ಮರ್, ಮನುಷ್ಯ ಕೆಲವು ಸಲ ತಾನೇ ಒಂದು ನಿರ್ಧಾರಕ್ಕೆ ಬಂದುಬಿಡ್ತಾನೆ. ಆದ್ರೆ ಆ ನಿರ್ಧಾರ ನಮ್ಮ ಕೈಲಿಲ್ಲ."

"ಅದೇ ನೋಡಿ ಬ್ರದರ್, ನಾನೂ ನಿರ್ಧಾರ ಮಾಡಿದ್ದೆ. ಲೋವೆಲ್ ಕೊಡ್ಲಿಲ್ಲ." ಡೆಲ್ಮರ್ ಮುಂದೆ ಬಾಗಿ ಪಿಸುಗುಟ್ಟಿದ. "ನಿಮ್ಮದು ಯಾವುದು?"

"ನನ್ನದು ಯಾವುದು ಏನು?"

"ಕೋಟಿನೊಳಗೆ ಇರೋದು."

ಬ್ರದರ್ ಎಲ್ವುಡ್ ನನ್ನ ಕಡೆ ನೋಡಿದರು, ಚಾವಣಿ ನೋಡಿದರು. "ಗೂನುಬೆನ್ನಿಂದು," ಎಂದರು.

"ದಾರ ಸಿಕ್ಕಾಕೊಳ್ಳತ್ತಾ?"

"ಅಯ್ಯೋ, ಅದನ್ನ ಏನು ಕೇಳ್ತೀರಿ! ಹೋದ ಈಸ್ಟರ್ ದಿನ ಪ್ರಸಂಗದ ಮಧ್ಯೆ ಕರ್ಚೀಫು ಎಳೆದ್ರೆ ಇದೂ ಅದರ ಜೊತೆ ಎದ್ದು ಬಂತು. ಮುಂದಿನ ಸಾಲಲ್ಲಿದ್ದೋರೆಲ್ಲ ಪುನರುತ್ಥಾನಕ್ಕೆ ಎದ್ದ ಹಾಗೆ ಎದ್ಬಿಟ್ರು!"

ಅಲ್ಲಿಂದ ಮುಂದೆ ಇಬ್ಬರೂ ಹ್ಯಾಮರ್ ವಿಷಯದಲ್ಲಿ ಮುಳುಗಿದರು. ಕೊಕ್ಕು ಒಳಗಿದ್ದರೆ ಒಳ್ಳೆಯದೆಂದು ಡೆಲ್ಮರ್, ಕಣ್ಣಿಗೆ ಕಾಣದ್ದರ ಮೇಲೆ ಭರವಸೆ ಇಡುವುದು ಕಷ್ಟವೆಂದು ಪಾದ್ರಿ. ಯೋಬ ನೆನಪಾದದ್ದು ಹೊರಗೆ ಬಂದು ಕಾರಿನ ಬಾಗಿಲು ಹಾಕಿದ ಮೇಲೆ. "ಮನುಷ್ಯ ಬಹಳ ಆಳದಲ್ಲಿದ್ದಾನೆ, ಅರ್ವಿನ್," ಎಂದು ಬ್ರದರ್ ಎಲ್ವುಡ್ ನಿಟ್ಟುಸಿರು ಬಿಟ್ಟರು. ಆಮೇಲೆ ಒಪಲ್‌ಳ ಅಕ್ಕನಿಗೆ ಫೋನು ಮಾಡಿದರು.

ಒಪಲ್‌ಳ ಅಕ್ಕ ವೆರ್ನಾ ಬಂದಳೆಂದರೆ ಗಾಳಿಗೂ ಶಿಸ್ತು ಬರುತ್ತದೆ. ಕೌದಿ ಹೊಲಿಯುವುದರಲ್ಲಿ ನಮ್ಮ ಕೌಂಟಿಗೇ ಮೊದಲಿಗಳು. ಅವಳ ಗೋಡೆಯಲ್ಲಿ ಮೊದಲ ಬಹುಮಾನದ ನೀಲಿ ಪಟ್ಟಿಗಳು ಸುಣ್ಣ ಕಾಣದಷ್ಟಿವೆ. ತಂಗಿಗೆ ಒಂದು ಗುಂಡಿ ಹೊಲಿಯಲೂ ಕಲಿಸಲಾಗಲಿಲ್ಲವಲ್ಲ ಎನ್ನುವುದು ಅವಳ ಜೀವನದ ಒಂದೇ ಸೋಲು. ಆದರೆ ಆ ತಂಗಿಯ ಮೇಲೆ ಅವಳಿಗೆ ಪ್ರಾಣವಿತ್ತು. ಪೆಟ್ಟಿಗೆ ಹಿಡಿದು ಬಂದವಳೇ ಡೆಲ್ಮರನ ಮನೆಯಲ್ಲಿ ಠಿಕಾಣಿ ಹೂಡಿ, ಚಾಕು, ಕತ್ತರಿ, ಕ್ಷೌರದ ಬ್ಲೇಡು, ಹಗ್ಗ ಎಲ್ಲ ಬಚ್ಚಿಟ್ಟಳು. ಡೆಲ್ಮರ್ ಬ್ರೆಡ್ಡಿಗೆ ಚಮಚದಲ್ಲಿ ಬೆಣ್ಣೆ ಹಚ್ಚುತ್ತಾ, ಗಡ್ಡ ಬಿಟ್ಟು, ಬೂಟಿನ ಲಾಡಿಯಿಲ್ಲದೆ ಓಡಾಡುತ್ತಿದ್ದ. ಅವನನ್ನು ನೋಡಿದ ಊರು ಇನ್ನಷ್ಟು ಹೆದರಿತು.

ಒಂದು ದಿನ ಬೇಲಿಯ ಹತ್ತಿರ ಸಿಕ್ಕಿ ನನ್ನನ್ನು ಕೇಳಿದ, "ಅರ್ವಿನ್, ನಿಜ ಹೇಳೋ. ನನ್ನನ್ನ ಯಾವ ಆಶ್ರಮಕ್ಕೆ ಹಾಕ್ತಾ ಇದೀರ?"

"ಆಶ್ರಮನಾ? ಛೇ ಛೇ. ಯಾರು ಹೇಳಿದ್ದು?"

"ಮತ್ತೆ ವೆರ್ನಾ ಯಾಕೆ ನಾನು ಬಚ್ಚಲಿಗೆ ಹೋದ್ರೂ ಬಾಗಿಲ ಹತ್ರ ನಿಂತು ಭಕ್ತಿಗೀತೆ ಹಾಡ್ತಾಳೆ? ನಾನು ಒಳಗಿಂದ ಜೊತೆಗೆ ಹಾಡ್ದಿದ್ರೆ ಬಾಗಿಲು ಬಡೀತಾಳೆ ಕಣೋ!"

ಆಗ ನಾನು ಹೇಳಬಹುದಿತ್ತು. "ಅವಳ ಕಂಠ ಚೆನ್ನಾಗಿದೆ ಬಿಡು," ಎಂದೆ.

ಭಾನುವಾರ ಪ್ರಾರ್ಥನೆಯಾದ ಮೇಲೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಎಲ್ಲರೂ ತಂದದ್ದನ್ನು ಹಂಚಿಕೊಂಡು ತಿನ್ನುವ ಊಟ. ಡೆಲ್ಮರ್ ಕಂದು ಕೋಟಿನಲ್ಲಿ ಬಂದು ಲೋವೆಲ್‌ನ ಎದುರೇ ಕುಳಿತ. ಕರಿದ ಕೋಳಿಯ ತುಂಡನ್ನು ತಟ್ಟೆಗೆ ಹಾಕಿಕೊಳ್ಳುತ್ತಾ ಕೇಳಿದ, "ಲೋವೆಲ್, ಸ್ಟಾಕ್ ಬಂತಾ?"

ಲೋವೆಲ್ ತಟ್ಟೆ ನೋಡಿದ. ಪಾದ್ರಿ ಬೈಬಲ್ ಹುಡುಕಿದರು. ಅಷ್ಟರಲ್ಲಿ ವೆರ್ನಾ ಎದ್ದು ನಿಂತಳು. ಆರಡಿ ಹೆಂಗಸು, ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಸಾಕು! ನಂಗೆ ಇನ್ನು ಆಗಲ್ಲ! ಡೆಲ್ಮರ್, ತಂಗೀನ ಮಣ್ಣು ಮಾಡಿ ಇನ್ನೂ ಕಣ್ಣೀರು ಆರಿಲ್ಲ ನಂಗೆ. ನಿನ್ನನ್ನೂ ಮಣ್ಣು ಮಾಡು ಅಂತೀಯಾ? ಸಾಯ್ಬೇಡ ಕಣೋ! ನಿನ್ನ ಕಾಲು ಹಿಡ್ಕೋತೀನಿ, ಸಾಯ್ಬೇಡ!"

ಡೆಲ್ಮರ್ ಬಾಯಲ್ಲಿದ್ದ ಕೋಳಿಯನ್ನು ಅಗಿಯುವುದು ಮರೆತ. ಸುತ್ತಲೂ ಒಂದೊಂದೇ ಮುಖವನ್ನು ನೋಡುತ್ತಾ ಬಂದ. ಬೋಗುಣಿಗಳು, ಬಚ್ಚಲಿನ ಹಾಡು, ನನ್ನ ಕೋಳಿಗಳು, ಎಲ್ಲವೂ ಒಂದರ ಹಿಂದೊಂದು ಅವನ ತಲೆಯೊಳಗೆ ಸಾಲಾಗಿ ನಿಲ್ಲುವುದು ನಮಗೆ ಕಾಣುತ್ತಿತ್ತು.

"ಸಾಯೋದಾ?" ಎಂದ. "ಯಾರು, ನಾನಾ? ಅಯ್ಯೋ ದೇವರೇ. ಜೇಬು! ಜೇಬು ಹರೀತಾ ಇತ್ತು ಕಣ್ರಪ್ಪಾ! ಆ ಕೊಕ್ಕು ಸಿಕ್ಕಾಕೊಂಡು ಜೇಬು ಹರಿಯತ್ತೆ. ಅದಕ್ಕೆ ಕೊಕ್ಕಿಲ್ಲದ್ದು ಬೇಕಿತ್ತು. ಅಷ್ಟೇ!"

ಜೇಬು ಎಂದನೇ ಹೊರತು ಯಾರು ಹೊಲಿದ ಜೇಬು ಎಂದು ಹೇಳಲಿಲ್ಲ. ಅಷ್ಟು ಜನರ ನಡುವೆ ಆ ಮಾತು ಆಡಲು ಅವನಿಗೆ ನಾಚಿಕೆಯಾಯಿತು. ಸಭೆಗೆ ಸಭೆಯೇ ನಕ್ಕಿತು. ಗುಡ್ಡ ಅಗೆದು ಇಲಿ ಹಿಡಿದೆವಲ್ಲ ಎಂದು ನಕ್ಕೆವು, ಬದುಕಿಕೊಂಡನಲ್ಲ ಎಂದು ನಕ್ಕೆವು. ಲೋವೆಲ್ ಅಳುತ್ತಾ ನಕ್ಕ. "ನಾಳೆ ಬಾರಯ್ಯಾ, ಆ ಸಾಲಲ್ಲಿ ಯಾವುದು ಬೇಕೋ ಆರಿಸ್ಕೋ."

"ಮಾರಿ ಹೋಗಿತ್ತಲ್ಲೋ?"

"ಆ ದೊಡ್ಡ ಸಂಸಾರದವನು ವಾಪಸ್ ತಂದುಕೊಟ್ಟ!"

ಕೈಗಡಿಯಾರ, ಮೀನಿನ ಕೋಲು ಎಲ್ಲ ಹಿಂದಿರುಗಿ ಬಂದವು. ನಾನು ಮನೆಗೆ ಓಡಿ ಹೋಗಿ ಅವನ ರಿವಾಲ್ವರ್ ತಂದು ಕೈಗಿತ್ತೆ. ಅವನು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಯ ಕಡೆ ಹೊರಟ. ಆ ದಿನ ನಮ್ಮೂರಿನಲ್ಲಿ ಅವನಷ್ಟು ಪ್ರೀತಿ ಪಡೆದವರು ಯಾರೂ ಇರಲಿಲ್ಲ.

ಊಟದ ಭಾರಕ್ಕೆ ಡೆಲ್ಮರ್ ಕುರ್ಚಿಯಲ್ಲೇ ನಿದ್ದೆ ಹೋದ. ವೆರ್ನಾಗೆ ನಿದ್ದೆ ಎಲ್ಲಿಯದು? ತಂಗಿಯ ಗಂಡ ಬದುಕಿದ್ದಾನೆ, ಅವನ ಕಷ್ಟ ಬರಿಯ ಒಂದು ಜೇಬಿನದು, ತನ್ನ ಕೈಯಲ್ಲಿ ಸೂಜಿಯಿದೆ. ಕೋಟು ಗೂಟದಲ್ಲಿ ನೇತಾಡುತ್ತಿತ್ತು. ಒಳಬಟ್ಟೆ ಎಳೆದು ನೋಡಿದಳು. ಕಿತ್ತಳೆ ದಾರದ ಆ ವಕ್ರ ಹೊಲಿಗೆ ನೋಡಿ, ಡೆಲ್ಮರನೇ ಏನೋ ಗೀಚಿಕೊಂಡಿದ್ದಾನೆ ಎಂದುಕೊಂಡಳು. ಎಲ್ಲವನ್ನೂ ಕತ್ತರಿಸಿ ತೆಗೆದಳು. ದಪ್ಪ ಹೊಸ ಬಟ್ಟೆ ಇಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಯಲ್ಲಿ, ಸಾಲು ಮೇಲೆ ಸಾಲು ಹಾಕಿ ಹೊಲಿದಳು. ಹಳೆಯ ಚಿಂದಿಯನ್ನು ಕಟ್ಟಿಗೆ ಒಲೆಗೆ ಹಾಕಿದಳು.

ಡೆಲ್ಮರ್ ಎದ್ದಾಗ ಕೋಟನ್ನು ತಾನೇ ತೊಡಿಸಿದಳಂತೆ. "ಹಳೇ ಚಿಂದಿ ಒಲೆಗೆ ಹಾಕ್ದೆ. ಕೈ ಹಾಕು, ಕೈ ಹಾಕಿ ನೋಡು! ಇನ್ನು ಎಂಥ ಕೊಕ್ಕು ಬಂದ್ರೂ ಈ ಜೇಬು ಹರಿಯಲ್ಲ. ನಿನ್ನ ಜೀವ ಇರೋವರೆಗೂ ಹರಿಯಲ್ಲ."

ಅವನು ಕೈ ಹಾಕಿದ. ಬೆರಳು ಮೂಲೆಯಿಂದ ಮೂಲೆಗೆ ಹುಡುಕಿತು. ಒಲೆಯ ಕಡೆ ಒಮ್ಮೆ ನೋಡಿದ. ಆಮೇಲೆ, "ಚೆನ್ನಾಗಿದೆ ವೆರ್ನಾ. ಬಹಳ ಚೆನ್ನಾಗಿದೆ," ಎಂದ. ಅವಳು ಬಚ್ಚಿಟ್ಟಿದ್ದ ಚಾಕು, ಹಗ್ಗಗಳನ್ನೆಲ್ಲ ಅವುಗಳ ಜಾಗಕ್ಕೆ ಸೇರಿಸಿ, ಮನಸ್ಸು ಹಗುರಾಗಿ, ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟುಹೋದಳು.

ನಾವು ಸಂಜೆಯ ಊಟಕ್ಕೆ ಕೂರುವ ಹೊತ್ತಿಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಡೆಲ್ಮರ್ ನಿಂತಿದ್ದ. ಫೆಬ್ರವರಿಯ ಚಳಿಯಲ್ಲಿ ಬರಿಯ ಅಂಗಿಯಲ್ಲಿದ್ದ. ರಿವಾಲ್ವರನ್ನು ಗುಂಡು ತೆಗೆದು, ಒಂದು ಟವೆಲಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದ.

"ಅರ್ವಿನ್, ಇದನ್ನ ಇಟ್ಕೋ. ಇವತ್ತು ಇದು ನನ್ನ ಮನೇಲಿ ಇರೋದು ಬೇಡ."

ಇಷ್ಟು ದಿನ ಊರೆಲ್ಲ ಸೇರಿ ಸುತ್ತಿ ಬಳಸಿದ ಮಾತನ್ನು ಅವನು ಹೊಸ್ತಿಲಲ್ಲೇ ನೇರವಾಗಿ ಹೇಳಿದ್ದ. "ಕೋಟೆಲ್ಲೋ?" ಎಂದೆ, ಬೇರೆ ಏನೂ ಹೊಳೆಯದೆ.

"ಮನೇಲಿದೆ. ಹೊಸ ಜೇಬು."

ಒಳಗೆ ಕರೆದು ಕೂರಿಸಿದೆ. ಆಗಲೇ ಅವನು ಎಲ್ಲವನ್ನೂ ಹೇಳಿದ್ದು: ಕಿಟಕಿ, ಕಂಬಳಿ, ಕಿತ್ತಳೆ ದಾರ, ಅಂಚೆ ಕಚೇರಿ. ಲೂಯೆಲಾ ಒಲೆಯ ಕಡೆ ತಿರುಗಿ ನಿಂತಿದ್ದಳು, ಅವಳ ಬೆನ್ನು ಅಲುಗುತ್ತಿತ್ತು. ನನಗೆ ನಗಬೇಕೆನಿಸಿದ ಜಾಗದಲ್ಲೆಲ್ಲ ಅಳು ಬಂತು.

"ವೆರ್ನಾಗೆ ಹೇಳ್ಬೇಡಿ," ಎಂದ. "ಒಳ್ಳೇ ಮನಸ್ಸಿಂದ ಮಾಡಿದಾಳೆ. ಹೊಲಿಗೆನೂ ಚೆನ್ನಾಗಿದೆ. ಒಪಲ್ ಇನ್ನೂ ನೂರು ವರ್ಷ ಬದುಕಿದ್ರೂ ಹಾಗೆ ಹೊಲೀತಿರ್ಲಿಲ್ಲ."

ಟವೆಲಿನ ಅಂಚನ್ನು ಮಡಚಿದ.

"ನೀವೆಲ್ಲ ಅಂದ್ಕೊಂಡಿದ್ರಲ್ಲ, ಅದು ನನ್ನ ತಲೇಲಿ ಇರ್ಲಿಲ್ಲ ಕಣೋ. ದೇವರಾಣೆ ಇರ್ಲಿಲ್ಲ. ಇವತ್ತು ಆ ಜೇಬಿಗೆ ಕೈ ಹಾಕ್ದಾಗ ಬಂತು."

ನಾನು ಟವೆಲಿನ ಗಂಟನ್ನು ನನ್ನ ಕಡೆಗೆ ಎಳೆದುಕೊಂಡೆ. "ಎಲ್ಲಿವರೆಗೆ ಇಟ್ಕೊಳ್ಳಲಿ?"

"ನಾನು ಕೇಳೋವರೆಗೆ," ಎಂದ. ಆಮೇಲೆ ಏನೋ ನೆನಪಾದವನಂತೆ ನನ್ನ ಮುಂಗೈ ಹಿಡಿದುಕೊಂಡ. "ಕೇಳ್ದೆ ಅಂತ ಕೊಟ್ಬಿಡ್ಬೇಡ. ನನ್ನ ಮುಖ ನೋಡಿ ಕೊಡು."

ಲೂಯೆಲಾ ಇನ್ನೊಂದು ತಟ್ಟೆ ಹಾಕಿದಳು. ಅಂದಿನಿಂದ ಅವನ ಸಂಜೆಯ ಊಟ ನಮ್ಮಲ್ಲೇ. ಹ್ಯಾಮರ್ ವಿಷಯ ಯಾರೂ ಎತ್ತುವುದಿಲ್ಲ. ಲೋವೆಲ್‌ನ ಅಂಗಡಿಯಲ್ಲೂ ಈಗ ಆ ಜಗಳಕ್ಕೆ ಮೊದಲಿನ ಕಾವಿಲ್ಲ. ಡೆಲ್ಮರ್ ಇನ್ನೂ ಕೇಳಿಲ್ಲ. ದಿನಾ ಸಂಜೆ ಅವನು ಬಾಗಿಲು ಬಡಿಯುತ್ತಾನೆ, ನಾನು ತೆಗೆದು ಮೊದಲು ಅವನ ಮುಖ ನೋಡುತ್ತೇನೆ.